ವಾಯು ಗುಣಮಟ್ಟ ಸೂಚ್ಯಂಕ: ರೈತರು ಅದನ್ನು ಓದಬೇಕಾದ ಬಗೆ

ನಮ್ಮ ದೇಶದ ವಾಯು ಗುಣಮಟ್ಟ ಸೂಚ್ಯಂಕವು 0ಯಿಂದ 500ರವರೆಗಿನ ಅಳತೆಗೋಲು. 50ರವರೆಗೆ ಉತ್ತಮ, 100ರವರೆಗೆ ಸಮಾಧಾನಕರ, 200ರವರೆಗೆ ಮಧ್ಯಮ, 300ರವರೆಗೆ ಕಳಪೆ, 400ರವರೆಗೆ ಅತಿ ಕಳಪೆ, ಅದರ ಮೇಲೆ ತೀವ್ರ. ‘ಮಧ್ಯಮ’ ಎಂಬ ಪದವನ್ನು ಕಂಡು ನಿಶ್ಚಿಂತರಾಗುವುದು ಸಲ್ಲದು. ಆ ಹಂತದಲ್ಲಿಯೇ ಉಬ್ಬಸ ಹಾಗೂ ಹೃದ್ರೋಗವುಳ್ಳವರಿಗೆ, ಮಕ್ಕಳಿಗೆ, ವೃದ್ಧರಿಗೆ ತೊಂದರೆ ಕಾಣಿಸಿಕೊಳ್ಳಬಹುದು.

ಎಂಟು ಮಾಲಿನ್ಯಕಾರಕಗಳಿಗೆ ಪ್ರತ್ಯೇಕ ಉಪಸೂಚ್ಯಂಕಗಳಿದ್ದು, ಅವುಗಳ ಪೈಕಿ ಅತ್ಯಧಿಕವಾದುದನ್ನೇ ಸೂಚ್ಯಂಕವೆಂದು ಪ್ರಕಟಿಸಲಾಗುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ 2.5 ಮೈಕ್ರಾನ್ ಹಾಗೂ ಅದಕ್ಕಿಂತ ಸಣ್ಣ ಕಣಗಳು 90 ಮೈಕ್ರೋಗ್ರಾಂ ಇದ್ದರೆ, ಉಳಿದ ಏಳೂ ಕಡಿಮೆಯಿದ್ದರೂ ಸೂಚ್ಯಂಕ 200. ಹೊಗೆಯಲ್ಲಿ ಹೇರಳವಾಗಿರುವ ಈ ಕಣಗಳು ಮೂಗು, ಗಂಟಲುಗಳನ್ನು ದಾಟಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

ಆದರೆ ಕಣಗಳ ಈ ಲೆಕ್ಕವು 24 ಗಂಟೆಗಳ ಸರಾಸರಿ. ಮಾಪನ ಕೇಂದ್ರಗಳಿರುವುದೂ ಬಹುತೇಕ ನಗರಗಳಲ್ಲಿ. ಆದ್ದರಿಂದ ಜಿಲ್ಲಾ ಕೇಂದ್ರದ ಸೂಚ್ಯಂಕವು 80 ಇರುವ ದಿನವೂ, ಕಬ್ಬಿನ ರವದಿಗೆ ಬೆಂಕಿಯಿಟ್ಟು ಬದುವಿನ ಮೇಲೆ ನಿಂತವರು ಸೇವಿಸುವ ಗಾಳಿ ಬೇರೆಯೇ. ಚಳಿಗಾಲದ ಮುಂಜಾವಿನಲ್ಲಿ ಗಾಳಿ ಅಲುಗದಿರುವಾಗ ಹೊಗೆಯು ಮೇಲೇರದೆ ನೆಲದ ಸಮೀಪದಲ್ಲಿಯೇ ಉಳಿದು ಊರೊಳಗೂ ಹರಡುತ್ತದೆ. ಮೂಗಿಗೆ ಸುತ್ತಿಕೊಂಡ ಟವೆಲ್ಲು ಒಕ್ಕಣೆಯ ದಪ್ಪ ಧೂಳನ್ನು ತಕ್ಕಮಟ್ಟಿಗೆ ತಡೆದೀತು, ಸೂಕ್ಷ್ಮ ಕಣಗಳನ್ನಲ್ಲ. ಅದಕ್ಕೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು. ರವದಿಯನ್ನು ಸುಡದೆ ಸಾಲುಗಳ ನಡುವೆ ಹೊದಿಕೆಯಾಗಿ ಹರಡುವುದೇ ಲೇಸು. ಮಣ್ಣಿನ ತೇವವೂ ಉಳಿಯುತ್ತದೆ. ನೆರೆಯ ಹೊಲದಲ್ಲಿ ಬೆಂಕಿ ಹಚ್ಚಿದ್ದರೆ, ಉಬ್ಬಸವುಳ್ಳವರನ್ನು, ಗರ್ಭಿಣಿಯರನ್ನು ಹಾಗೂ ಮಕ್ಕಳನ್ನು ಹೊಗೆ ಚದುರುವವರೆಗೆ ಗಾಳಿ ಬೀಸುವ ದಿಕ್ಕಿನಿಂದ ದೂರವಿರಿಸಬೇಕು.