ಶಸ್ತ್ರಕ್ರಿಯೆಯನ್ನು ತಾಳಲಾರದವರ ಪಿತ್ತಕೋಶ

ನಮ್ಮ ಯಕೃತ್ತಿನ ಅಡಿಯಲ್ಲಿ, ಬಲ ಪಕ್ಕೆಲುಬುಗಳ ಮರೆಯಲ್ಲಿ, ಚಿಕ್ಕದೊಂದು ಚೀಲವಿದೆ. ಅದೇ ಪಿತ್ತಕೋಶ. ಯಕೃತ್ತು ಹಗಲಿರುಳೂ ಸ್ರವಿಸುವ ಪಿತ್ತರಸವನ್ನು ಇದು ಕೂಡಿಟ್ಟು, ಗಟ್ಟಿಗೊಳಿಸಿ, ನಾವು ಜಿಡ್ಡಿನ ಪದಾರ್ಥಗಳನ್ನು ಉಂಡಾಗ ಕರುಳಿಗೆ ಹರಿಯಬಿಡುತ್ತದೆ. ಕೆಲವರಲ್ಲಿ ಈ ರಸವು ಹರಳುಗಟ್ಟಿ ಕಲ್ಲಾಗುವುದುಂಟು. ಆ ಕಲ್ಲು ಚೀಲದ ಬಾಯಿಯಲ್ಲಿ ಸಿಕ್ಕಿಕೊಂಡಿತೆಂದರೆ, ಮಳೆಗಾಲದಲ್ಲಿ ಚಾಳಿನ ಮೋರಿ ಕಟ್ಟಿಕೊಂಡಂತೆಯೇ ಸರಿ. ರಸವು ಒಳಗೇ ನಿಂತು ಚೀಲವು ಊದುತ್ತದೆ. ಸೋಂಕು ತಗಲಿ ಕೀವಾಗುತ್ತದೆ. ಅದು ರಕ್ತಕ್ಕೇರಿದರೆ ಪ್ರಾಣಕ್ಕೇ ಸಂಚಕಾರ.

ಚೀಲವನ್ನೇ ತೆಗೆದುಹಾಕುವುದು ಇದಕ್ಕೆ ನೇರವಾದ ಉಪಾಯ. 1882ರಲ್ಲಿ ಬರ್ಲಿನ್ ನಗರದ ಕಾರ್ಲ್ ಲಾಂಗೆನ್‌ಬುಖ್ ಎಂಬ ವೈದ್ಯನು ಮೊತ್ತಮೊದಲು ಹಾಗೆ ಮಾಡಿದನು. ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಸಣ್ಣ ರಂಧ್ರಗಳ ಮೂಲಕವೇ ಚೀಲವನ್ನು ತೆಗೆಯುವ ವಿಧಾನವು ಭಾರತದಲ್ಲಿ ಆರಂಭವಾದುದು ನಮ್ಮ ಮುಂಬಯಿಯಲ್ಲಿ. 1990ರಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು ಅದನ್ನು ನೆರವೇರಿಸಿದರು.

ಆದರೆ ರೋಗಿಯು ಎಂಬತ್ತು ದಾಟಿದ ಅಜ್ಜಿಯಾಗಿದ್ದು, ಹೃದಯವೂ ಶ್ವಾಸಕೋಶವೂ ಸೊರಗಿದ್ದರೆ? ಅರಿವಳಿಕೆಯನ್ನೇ ಆಕೆ ತಾಳಲಾರಳು. ಶಸ್ತ್ರವನ್ನು ಹಿಡಿದರೂ ಅಪಾಯ, ಬಿಟ್ಟರೂ ಅಪಾಯ. ಇಂಥಲ್ಲಿ ವೈದ್ಯರು ಚೀಲವನ್ನು ತೆಗೆಯುವ ಯೋಚನೆಯನ್ನು ಬಿಟ್ಟು ಅದನ್ನು ಬರಿದುಮಾಡಲು ನೋಡುತ್ತಾರೆ. ಪಕ್ಕೆಯ ಚರ್ಮದ ಮೂಲಕ ಸೂಜಿಯನ್ನು ಚುಚ್ಚಿ ನಳಿಕೆಯಿರಿಸುವುದು ಹಳೆಯ ದಾರಿ. ಪ್ರಾಣವೇನೋ ಉಳಿಯುತ್ತದೆ, ಆದರೆ ವಾರಗಟ್ಟಲೆ ಹೊರಗೊಂದು ಚೀಲವನ್ನು ತೂಗಿಸಿಕೊಂಡಿರಬೇಕು. ನಳಿಕೆ ಜಾರುವುದೂ ಕಟ್ಟಿಕೊಳ್ಳುವುದೂ ಉಂಟು. ಅಂಥ ನಳಿಕೆಯೊಡನೆ ನಮ್ಮ ಲೋಕಲ್ ಗಾಡಿಯನ್ನು ಹತ್ತುವುದನ್ನು ಊಹಿಸಿಕೊಳ್ಳಿರಿ!

ಹೊಸ ದಾರಿ ಬಾಯಿಯಿಂದ ಹೊರಡುತ್ತದೆ. ಬಳುಕುವ ಅಂತರ್ದರ್ಶಕವೊಂದನ್ನು ಗಂಟಲಿನ ಮೂಲಕ ಜಠರಕ್ಕೋ ಅದರಾಚೆಯ ಸಣ್ಣ ಕರುಳಿನ ಮೊದಲ ಭಾಗಕ್ಕೋ ಇಳಿಸುತ್ತಾರೆ. ಪಿತ್ತಕೋಶವು ಅಲ್ಲಿಯೇ, ಗೋಡೆಯ ಮಗ್ಗುಲಲ್ಲಿದೆ. ಅಂತರ್ದರ್ಶಕದ ತುದಿಯಿಂದ ಹೊರಡುವ, ಕಿವಿಗೆ ಕೇಳಿಸದ ಧ್ವನಿತರಂಗಗಳು ಗೋಡೆಯಾಚೆಯ ಚೀಲವನ್ನೂ ನಡುವಣ ರಕ್ತನಾಳಗಳನ್ನೂ ಪರದೆಯ ಮೇಲೆ ತೋರಿಸುತ್ತವೆ. ರಕ್ತನಾಳಗಳನ್ನು ತಪ್ಪಿಸಿ, ಎರಡೂ ಗೋಡೆಗಳನ್ನು ಒಮ್ಮೆಗೇ ತೂತುಮಾಡಿ, ಲೋಹದ ಜಾಲರಿಯ ಗಿಡ್ಡ ನಳಿಕೆಯೊಂದನ್ನು ಕೂರಿಸುತ್ತಾರೆ. ಅದರ ಆಕಾರ ಡಮರುವಿನದು: ಇಕ್ಕಡೆಯೂ ಅಗಲ, ನಡು ಸಣ್ಣ. ಅಗಲವಾದ ತುದಿಗಳು ಎರಡು ಗೋಡೆಗಳನ್ನೂ ಒತ್ತಿ ಹಿಡಿಯುವುದರಿಂದ ಕೀವು ಹೊಟ್ಟೆಯೊಳಗೆ ಸೋರದೆ ಕರುಳಿಗೇ ಇಳಿಯುತ್ತದೆ. ಹೊರಗೆ ಏನೂ ಕಾಣದು.

ಹಾಂಗ್‌ಕಾಂಗಿನ ವೈದ್ಯರ ಮುಂದಾಳುತನದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಈ ಎರಡು ದಾರಿಗಳನ್ನು ಹೋಲಿಸಿ ನೋಡಿದರು. ಒಂದು ವರ್ಷದೊಳಗೆ ತೊಂದರೆಗೊಳಗಾದವರು ಹೊರನಳಿಕೆಯವರಲ್ಲಿ ಸುಮಾರು ಮುಕ್ಕಾಲು ಪಾಲು, ಒಳನಳಿಕೆಯವರಲ್ಲಿ ಸುಮಾರು ಕಾಲು ಪಾಲು. ಸಾವಿನ ಪ್ರಮಾಣದಲ್ಲಿ ಮಾತ್ರ ಹೇಳುವಂಥ ಅಂತರ ಕಾಣಲಿಲ್ಲ.

ಒಳನಳಿಕೆಯೂ ನಿರಪಾಯವಲ್ಲ; ರಕ್ತಸ್ರಾವವಾಗಬಹುದು, ಅದೂ ಕಟ್ಟಿಕೊಳ್ಳಬಹುದು. ಪಳಗಿದ ಕೈ ಬೇಕು. ಇದಲ್ಲದೆ, ಮುಂದೆ ಚೇತರಿಸಿಕೊಂಡು ಶಸ್ತ್ರಕ್ರಿಯೆಗೆ ಒದಗಬಲ್ಲವರಲ್ಲಿ, ಕರುಳಿಗೂ ಚೀಲಕ್ಕೂ ಬೆಸೆದ ಆ ದಾರಿಯೇ ಶಸ್ತ್ರವೈದ್ಯನಿಗೆ ತೊಡಕಾದೀತು. ಆದಕಾರಣ ನಳಿಕೆಯನ್ನಿಡುವ ಮುನ್ನವೇ ವೈದ್ಯರು ಕೂಡಿ ಕುಳಿತು, ಈ ರೋಗಿಯು ಎಂದಾದರೂ ಶಸ್ತ್ರಕ್ರಿಯೆಗೆ ಯೋಗ್ಯನಾದಾನೇ ಎಂಬುದನ್ನು ವಿಚಾರಿಸುತ್ತಾರೆ.