ಶಾಲಾ ಕಚೇರಿ: ಮೇಜಿನ ಆಚೆ ಕುಳಿತವರ ಕೆಲಸ



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ಆತ ರಕ್ತದೊತ್ತಡವನ್ನೋ ಸಕ್ಕರೆ ಕಾಯಿಲೆಯನ್ನೋ ಕುರಿತು ಮಾತನಾಡುತ್ತಾನೆಂದು ತಾವು ನಿರೀಕ್ಷಿಸುವುದು ಸಹಜ. ನಾನು ಆರಿಸಿಕೊಂಡಿರುವ ವಿಷಯ ಬೇರೆ. ಅಮೆರಿಕದ ಶಾಲೆಗಳ ಕಚೇರಿಯಲ್ಲಿ ದುಡಿಯುವ ಆಡಳಿತ ಸಹಾಯಕ ಅಧಿಕಾರಿಯ ಕೆಲಸವೇನು ಎಂಬುದನ್ನು ವಿವರಿಸುವುದು ನನ್ನ ಉದ್ದೇಶ. ಮಕ್ಕಳ ವೈದ್ಯನಾದ ನಾನು ಶಿಕ್ಷಕರೊಡನೆ ಮಾತನಾಡುವುದು ಅಪರೂಪ, ಪ್ರಾಂಶುಪಾಲರೊಡನೆ ಅದಕ್ಕಿಂತಲೂ ಅಪರೂಪ. ಆದರೆ ಯಾವುದಾದರೊಂದು ಶಾಲಾ ಕಚೇರಿಯಿಂದ ದೂರವಾಣಿ ಕರೆ ಬಾರದ ವಾರವಿಲ್ಲ. ನನ್ನ ಬಳಿ ಬರುವ ಮಕ್ಕಳ ಲಸಿಕೆಯ ದಾಖಲೆ, ಔಷಧದ ಶೀಶೆ, ಅಲರ್ಜಿಯ ಎಚ್ಚರಿಕೆ ಇವೆಲ್ಲವೂ ಶಾಲೆಯ ವೇಳೆಯಲ್ಲಿ ಆ ಮೇಜಿನ ವಶದಲ್ಲಿರುತ್ತವೆ. ಆ ಮೇಜಿಗೆ ನಮ್ಮ ಕುಟುಂಬಗಳು ಸಲ್ಲಬೇಕಾದಷ್ಟು ಗಮನವನ್ನು ಕೊಡುತ್ತಿಲ್ಲವೆಂದು ನನಗೆ ಬಹಳ ದಿನಗಳಿಂದ ಅನಿಸಿದೆ.

ಊರಿನ ಶಾಲೆಯ ಕಚೇರಿ ನಮ್ಮ ನೆನಪಿನಲ್ಲಿ ಉಳಿದಿರುವುದು ಶುಲ್ಕ ಕಟ್ಟುವ ಕಿಟಕಿಯಾಗಿ, ವರ್ಗಾವಣೆ ಪತ್ರಕ್ಕಾಗಿ ಮೂರು ಸಲ ಅಲೆದ ಬಾಗಿಲಾಗಿ. ಗುಮಾಸ್ತರೆಂದರೆ ನಮಗೆ ಸ್ವಲ್ಪ ಭಯ, ಸ್ವಲ್ಪ ತಾತ್ಸಾರ. ಆದರೆ ಆ ಕಚೇರಿಯ ಪುಸ್ತಕದಲ್ಲಿ ಬರೆದ ಒಂದು ಸಾಲಿನ ಶಕ್ತಿ ಎಂಥದೆಂದು ನಮ್ಮ ಹಿರಿಯರನ್ನು ಕೇಳಬೇಕು. ಜನನ ನೋಂದಣಿ ಸರಿಯಾಗಿಲ್ಲದ ಕಾಲದಲ್ಲಿ, ಶಾಲೆಗೆ ಸೇರಿಸುವ ದಿನ ವಯಸ್ಸು ಸರಿಹೋಗುವಂತೆ ಮೇಷ್ಟರು ದಾಖಲಾತಿ ಪುಸ್ತಕದಲ್ಲಿ ಅಂದಾಜಿನ ಮೇಲೆ ಬರೆದ ದಿನಾಂಕವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಏರಿತು, ಅಲ್ಲಿಂದ ಪಾಸ್‌ಪೋರ್ಟಿಗೆ, ಅಲ್ಲಿಂದ ಈ ದೇಶದ ಕಡತಗಳಿಗೆ. ತಾಯಿ ಹೇಳುವ ಹುಟ್ಟಿದ ದಿನ ಒಂದು, ಸರ್ಕಾರ ಒಪ್ಪುವ ದಿನ ಮತ್ತೊಂದು ಎಂಬ ಸ್ಥಿತಿಯವರು ಈ ಸಭೆಯಲ್ಲಿಯೂ ಇದ್ದಾರೆ.

ಇಲ್ಲಿ ಈ ಹುದ್ದೆಗೆ ಊರಿಗೊಂದು ಹೆಸರು. ಒಂದು ಕಡೆ ಸ್ಕೂಲ್ ಸೆಕ್ರೆಟರಿ, ಇನ್ನೊಂದು ಕಡೆ ಆಫೀಸ್ ಮ್ಯಾನೇಜರ್, ದೊಡ್ಡ ಶಾಲೆಯಾದರೆ ದಾಖಲಾತಿಗೆ ರಿಜಿಸ್ಟ್ರಾರ್, ಹಾಜರಿಗೆ ಅಟೆಂಡೆನ್ಸ್ ಕ್ಲರ್ಕ್. ಚಿಕ್ಕ ಪ್ರಾಥಮಿಕ ಶಾಲೆಯಲ್ಲಿ ಇವರೆಲ್ಲರೂ ಒಬ್ಬರೇ. ಊಟದ ಹಣ, ಬಸ್ಸಿನ ಪಟ್ಟಿ, ರಜೆ ಹಾಕಿದ ಶಿಕ್ಷಕರ ಬದಲಿಗೆ ಬರುವವರ ವ್ಯವಸ್ಥೆ, ಕೆಟ್ಟುಹೋದ ನಕಲು ಯಂತ್ರ ಇವೆಲ್ಲವೂ ಅವರ ಪಾಲಿಗೇ. ಆ ಭಾಗವನ್ನು ನಾನು ವಿಸ್ತರಿಸುವುದಿಲ್ಲ. ಯಾವ ಕಚೇರಿಯಲ್ಲಿಯಾದರೂ ಅಂಥ ಕೆಲಸ ಇದ್ದೇ ಇರುತ್ತದೆ. ಶಾಲೆಗೇ ವಿಶಿಷ್ಟವಾದದ್ದು ದಾಖಲಾತಿ, ಹಾಜರಿ, ಆರೋಗ್ಯ ಮತ್ತು ಬಾಗಿಲು.

ದಾಖಲಾತಿಯ ಮೇಜಿನಲ್ಲಿ ಕುಳಿತವರು ಏನನ್ನು ಕೇಳಬೇಕೆಂಬುದಕ್ಕೆ ನಿಯಮವಿರುವಂತೆ ಏನನ್ನು ಕೇಳಬಾರದೆಂಬುದಕ್ಕೂ ನಿಯಮವಿದೆ. ಟೆಕ್ಸಾಸ್ ರಾಜ್ಯದ ಮೊಕದ್ದಮೆಯೊಂದರಲ್ಲಿ, ಪ್ಲೈಲರ್ ವಿರುದ್ಧ ಡೋ ಎಂದು ಅದರ ಹೆಸರು, ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ತೀರ್ಪಿತ್ತು, ವಲಸೆಯ ಸ್ಥಿತಿಗತಿಯ ಕಾರಣದಿಂದ ಯಾವ ಮಗುವಿಗೂ ಸಾರ್ವಜನಿಕ ಶಾಲೆಯ ಬಾಗಿಲು ಮುಚ್ಚಕೂಡದೆಂದು ಹೇಳಿತು. ಹಾಗಾಗಿ ಮಗು ಶಾಲೆಯ ವ್ಯಾಪ್ತಿಯಲ್ಲಿ ವಾಸಿಸುತ್ತಿದೆಯೇ ಎಂಬುದಕ್ಕೆ ಬಾಡಿಗೆಯ ಕರಾರನ್ನೋ ವಿದ್ಯುತ್ ಬಿಲ್ಲನ್ನೋ ಅವರು ಕೇಳುತ್ತಾರೆ. ವೀಸಾ ತೋರಿಸದಿದ್ದರೆ ಸೇರಿಸಿಕೊಳ್ಳುವುದಿಲ್ಲವೆಂದು ಹೇಳುವಂತಿಲ್ಲ. ಹೊಸದಾಗಿ ಬಂದ ನಮ್ಮ ದಂಪತಿಗಳು ಕೇಳದಿದ್ದರೂ ಪಾಸ್‌ಪೋರ್ಟಿನ ಕಟ್ಟನ್ನು ಮೇಜಿನ ಮೇಲೆ ಹರಡುವುದುಂಟು!

ನಮ್ಮ ಹೆಸರುಗಳು ಆ ಮೇಜಿಗೆ ಒಂದು ಒಗಟು. ಊರಿನ ಹೆಸರು, ತಂದೆಯ ಹೆಸರು, ಇನಿಷಿಯಲ್ ಇವುಗಳಲ್ಲಿ ಕುಲನಾಮ ಯಾವುದೆಂದು ನಾವೇ ಒಂದೇ ಮಾತಿನಲ್ಲಿ ಹೇಳಲಾರೆವು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಕುಲನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರು ಗೊತ್ತಿಲ್ಲವೆಂಬುದನ್ನು ಸೂಚಿಸುವ ಎಫ್‌ಎನ್‌ಯು ಎಂಬ ಮೂರಕ್ಷರ ಅಲ್ಲಿ ಬಂದು ಕೂರುತ್ತದೆ. ಅದನ್ನೇ ಹೆಸರೆಂದು ಓದಿ ಮಗುವನ್ನು ‘ಫ್ನೂ’ ಎಂದು ಕರೆದ ತರಗತಿಗಳಿವೆ. ಅನೇಕ ಶಾಲೆಗಳ ದಾಖಲಾತಿ ಪತ್ರದಲ್ಲಿ ಕರೆಯುವ ಹೆಸರಿಗೆ ಬೇರೆ ಜಾಗವಿರುತ್ತದೆ. ಅದನ್ನು ಖಾಲಿ ಬಿಡಬಾರದು. ಶಾಲೆಯಲ್ಲೊಂದು, ವೈದ್ಯರಲ್ಲೊಂದು, ವಿಮಾ ಕಂಪನಿಯಲ್ಲೊಂದು ಹೆಸರಿದ್ದ ಮಗುವಿನ ಲಸಿಕೆಯ ದಾಖಲೆಯನ್ನು ಹುಡುಕುವ ಹೊತ್ತಿಗೆ ಕಚೇರಿಯವರೂ ನಾವೂ ಸೋತುಹೋಗುತ್ತೇವೆ.

ಲಸಿಕೆಯ ವಿಷಯಕ್ಕೆ ಬರೋಣ. ಶಾಲೆಗೆ ಸೇರಲು ಲಸಿಕೆಯನ್ನು ಕಡ್ಡಾಯಗೊಳಿಸುವುದು ಸರಿಯೆಂದು ಸರ್ವೋಚ್ಚ ನ್ಯಾಯಾಲಯವು 1922ರಲ್ಲಿಯೇ ಹೇಳಿದೆ. ಯಾವ ಲಸಿಕೆ, ಎಷ್ಟು ಸಲ ಎಂಬುದನ್ನು ಆಯಾ ರಾಜ್ಯ ಗೊತ್ತುಪಡಿಸುತ್ತದೆ. ಕಚೇರಿಯವರು ಪಟ್ಟಿಯೊಡನೆ ದಿನಾಂಕಗಳನ್ನು ಹೋಲಿಸಿ ನೋಡುತ್ತಾರೆ. ‘ಊರಿನಲ್ಲಿ ಎಲ್ಲವನ್ನೂ ಹಾಕಿಸಿದ್ದೇವೆ, ಆದರೂ ಇವರು ಒಪ್ಪುತ್ತಿಲ್ಲ’ ಎಂದು ಸಿಟ್ಟಿನಿಂದ ನನ್ನಲ್ಲಿಗೆ ಬರುವ ತಂದೆತಾಯಿಯರು ಪ್ರತಿ ಆಗಸ್ಟಿನಲ್ಲಿಯೂ ಇದ್ದಾರೆ. ಒಪ್ಪದಿರಲು ಕಾರಣಗಳಿವೆ. ಭಾರತದಲ್ಲಿ ದಡಾರದ ಮೊದಲ ಲಸಿಕೆಯನ್ನು ಒಂಬತ್ತು ತಿಂಗಳು ತುಂಬಿದಾಗ ಹಾಕುತ್ತಾರೆ. ಅಲ್ಲಿ ದಡಾರವು ಎಳೆಯ ಶಿಶುಗಳನ್ನೂ ಬಲಿ ತೆಗೆದುಕೊಳ್ಳುತ್ತಿದ್ದ ಕಾರಣ ಅದು ವಿವೇಕದ ನಿರ್ಧಾರವೇ. ಆದರೆ ಮೊದಲ ಹುಟ್ಟುಹಬ್ಬಕ್ಕೆ ಮುನ್ನ ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯ ಪರಿಣಾಮವನ್ನು ಕುಗ್ಗಿಸಬಹುದಾದ್ದರಿಂದ ಇಲ್ಲಿ ಆ ಲಸಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುವ ಲಸಿಕೆಯಲ್ಲಿ ದಡಾರ, ರುಬೆಲ್ಲಾ ಎರಡೇ ಇದ್ದು ಇಲ್ಲಿ ಬೇಕಾದ ಮಂಗನಬಾವಿನ ಭಾಗ ಇರುವುದಿಲ್ಲ. ಪೋಲಿಯೋ ಹನಿಗಳ ಕಥೆಯೂ ಹೀಗೆಯೇ. 2016ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ಹನಿಯಿಂದ ಎರಡನೆಯ ಬಗೆಯ ವೈರಸ್ಸನ್ನು ಕೈಬಿಟ್ಟರು. ಆ ತಿಂಗಳ ಮೊದಲ ದಿನಾಂಕದಿಂದ ಈಚೆಗೆ ಹಾಕಿಸಿದ ಹನಿಗಳು ಅಮೆರಿಕದ ಲೆಕ್ಕಕ್ಕೆ ಸೇರುವುದಿಲ್ಲ, ಚುಚ್ಚುಮದ್ದು ಮಾತ್ರ ಸೇರುತ್ತದೆ. ಈ ನಿಯಮಗಳಲ್ಲಿ ಒಂದನ್ನೂ ಮೇಜಿನ ಆಚೆ ಕುಳಿತವರು ಮಾಡಿಲ್ಲ, ಸಡಿಲಿಸುವ ಅಧಿಕಾರವೂ ಅವರಿಗಿಲ್ಲ.

ಇದಕ್ಕಿಂತ ಸಣ್ಣದೂ ಹೆಚ್ಚು ಕಾಟ ಕೊಡುವುದೂ ಆದ ಸಂಗತಿ ದಿನಾಂಕ ಬರೆಯುವ ಕ್ರಮ. 2020ರ ಜೂನ್ 10ರಂದು ಹುಟ್ಟಿದ ಮಗುವಿಗೆ ಮೈಸೂರಿನ ವೈದ್ಯರು 2021ರ ಜುಲೈ 5ರಂದು ಲಸಿಕೆ ಹಾಕಿ ಕಾರ್ಡಿನಲ್ಲಿ 05-07-21 ಎಂದು ಬರೆದರೆನ್ನೋಣ. ತಿಂಗಳನ್ನು ಮೊದಲು ಓದುವ ಇಲ್ಲಿನ ಕಣ್ಣಿಗೆ ಅದು ಮೇ 7. ಮಗುವಿಗೆ ಆಗ ಇನ್ನೂ ಒಂದು ವರ್ಷ ತುಂಬಿಲ್ಲ. ಆದ್ದರಿಂದ ಸರಿಯಾಗಿ ಹಾಕಿದ ಲಸಿಕೆಯೇ ತಿರಸ್ಕೃತವಾಗುತ್ತದೆ, ಮಗು ಮತ್ತೊಂದು ಸೂಜಿ ಚುಚ್ಚಿಸಿಕೊಳ್ಳುತ್ತದೆ. ಊರು ಬಿಡುವ ಮುನ್ನ ವೈದ್ಯರಿಂದ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಸಿಕೊಂಡು, ಮೊಹರು ಹಾಕಿಸಿಕೊಂಡು ಬರುವುದು ಐದು ನಿಮಿಷದ ಕೆಲಸ.

ದಾಖಲಾತಿಯ ಕಾಗದಗಳಲ್ಲಿ ಮನೆಯ ಭಾಷೆ ಯಾವುದೆಂಬ ಪ್ರಶ್ನೆಯೂ ಇರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾಗಿ 1974ರಲ್ಲಿ ಬಂದ ಲಾವ್ ವಿರುದ್ಧ ನಿಕೊಲ್ಸ್ ತೀರ್ಪು ಇದರ ಹಿನ್ನೆಲೆಯಲ್ಲಿದೆ. ಇಂಗ್ಲಿಷ್ ಅರ್ಥವಾಗದ ಮಗುವನ್ನು ಸುಮ್ಮನೆ ತರಗತಿಯಲ್ಲಿ ಕೂರಿಸಿದರೆ ಶಿಕ್ಷಣ ಕೊಟ್ಟಂತಾಗದು ಎಂಬುದು ಅದರ ತಾತ್ಪರ್ಯ. ಮಗನನ್ನು ಬೇರೆ ತರಗತಿಗೆ ಹಾಕಿಬಿಡುತ್ತಾರೆಂಬ ಅಂಜಿಕೆಯಿಂದ ನಮ್ಮವರು ‘ಇಂಗ್ಲಿಷ್’ ಎಂದು ಬರೆಯುವುದುಂಟು. ಕನ್ನಡವೆಂದು ಬರೆದರೆ ಆಗುವುದಿಷ್ಟೇ: ಮಗುವಿಗೆ ಇಂಗ್ಲಿಷಿನ ಪರೀಕ್ಷೆಯೊಂದನ್ನು ಕೊಡುತ್ತಾರೆ, ತೇರ್ಗಡೆಯಾದರೆ ವಿಷಯ ಮುಗಿಯಿತು, ಆಗದಿದ್ದರೆ ಸಹಾಯ ಸಿಗುತ್ತದೆ. ಕನ್ನಡ ಕೂಟಕ್ಕೆ ಚಂದಾ ಕಟ್ಟಿ ಶಾಲೆಯ ಕಾಗದದಲ್ಲಿ ಕನ್ನಡವನ್ನು ಮುಚ್ಚಿಡುವುದು ವಿಚಿತ್ರವೇ ಸರಿ.

ಇನ್ನು ಹಾಜರಿ. ಬೆಳಿಗ್ಗೆ ಮಗು ಬಂದಿಲ್ಲವೆಂದು ಕಚೇರಿಯಿಂದ ಕರೆ ಬಂದಾಗ ‘ಇವರಿಗೇಕೆ ಇಷ್ಟು ಅವಸರ’ ಎನ್ನುವವರು ಈಟನ್ ಪೇಟ್ಸ್ ಎಂಬ ಬಾಲಕನ ವೃತ್ತಾಂತವನ್ನು ತಿಳಿದಿರಬೇಕು. 1979ರ ಮೇ 25ರಂದು ನ್ಯೂಯಾರ್ಕ್ ನಗರದ ಆ ಆರು ವರ್ಷದ ಬಾಲಕ ಮೊದಲ ಬಾರಿಗೆ ಒಬ್ಬನೇ ಶಾಲೆಯ ಬಸ್ಸಿನ ನಿಲ್ದಾಣಕ್ಕೆ ಹೊರಟ. ಅಲ್ಲಿಗೆ ತಲುಪಲಿಲ್ಲ. ಆತ ಬಂದಿಲ್ಲವೆಂಬುದು ತರಗತಿಯಲ್ಲಿ ಗಮನಕ್ಕೆ ಬಂದಿತ್ತು, ಆದರೆ ಮನೆಗೆ ಯಾರೂ ತಿಳಿಸಲಿಲ್ಲ. ಸಂಜೆ ಮಗ ಹಿಂದಿರುಗದಿದ್ದಾಗಲೇ ತಾಯಿಗೆ ವಿಷಯ ಗೊತ್ತಾದದ್ದು. ಒಂದು ದೂರವಾಣಿ ಕರೆ ಬೆಳಿಗ್ಗೆಯೇ ಹೋಗಿದ್ದರೆ ಏನಾಗುತ್ತಿತ್ತೆಂದು ಹೇಳಲು ಯಾರಿಂದಲೂ ಆಗದು. ಆದರೆ ಹುಡುಕುವವರ ಕೈಗೆ ಇಡೀ ಹಗಲು ಸಿಗುತ್ತಿತ್ತೆಂಬುದು ನಿಶ್ಚಯ. ಮಗುವಿಗೆ ಜ್ವರವೆಂದು ತಾವು ಮೊದಲೇ ತಿಳಿಸಿದರೆ ಅಧಿಕಾರಿಯ ಕರೆಗಳ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಾಗಿ, ಆ ಸಮಯ ನಿಜವಾಗಿ ಕಾಣೆಯಾದ ಮಗುವಿಗೆ ಒದಗುತ್ತದೆ.

ಡಿಸೆಂಬರಿನಲ್ಲಿ ಊರಿಗೆ ಹೋಗಿ ಮದುವೆ, ಉಪನಯನ ಮುಗಿಸಿ ಸಂಕ್ರಾಂತಿಯ ನಂತರ ಹಿಂದಿರುಗುವ ನಮ್ಮ ಪದ್ಧತಿಯ ಬಗ್ಗೆಯೂ ಒಂದು ಮಾತು. ಶಾಲೆಯ ದಿನಗಳಲ್ಲಿ ಹತ್ತರಲ್ಲೊಂದು ಭಾಗ, ಅಂದರೆ 180 ದಿನಗಳಲ್ಲಿ 18 ದಿನ, ತಪ್ಪಿದರೆ ಮಗುವನ್ನು ದೀರ್ಘ ಗೈರುಹಾಜರಿಯ ಪಟ್ಟಿಗೆ ಸೇರಿಸುವುದು ಸಾಮಾನ್ಯ ಕ್ರಮ. ವರ್ಜೀನಿಯಾದಂಥ ರಾಜ್ಯದಲ್ಲಿ ಸತತವಾಗಿ 15 ಶಾಲಾದಿನ ಬಾರದಿದ್ದರೆ ಹೆಸರನ್ನೇ ತೆಗೆಯುತ್ತಾರೆ, ಹಿಂದಿರುಗಿದ ಮೇಲೆ ಮತ್ತೆ ದಾಖಲಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಶಾಲೆಗೆ ಬರುವ ಹಣವೇ ಸರಾಸರಿ ಹಾಜರಿಯನ್ನು ಅವಲಂಬಿಸಿದೆ. ವಿಮಾನದ ಟಿಕೆಟ್ ಕೊಳ್ಳುವ ಮುನ್ನ ಕಚೇರಿಯಲ್ಲಿ ವಿಚಾರಿಸಿದರೆ ದಾರಿಗಳನ್ನು ಅವರೇ ತಿಳಿಸುತ್ತಾರೆ. ಹೋಗಿಬಂದ ಮೇಲೆ ಹೊಟ್ಟೆನೋವೆಂದು ವೈದ್ಯರ ಚೀಟಿ ಕೇಳುವುದು ನನಗೂ ಮುಜುಗರ, ತಮಗೂ ಶೋಭೆಯಲ್ಲ.

ಆರೋಗ್ಯದ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಮಾತನಾಡಬೇಕಾಗಿದೆ. ನ್ಯೂಯಾರ್ಕಿನಲ್ಲಿ 1902ರಲ್ಲಿ ಲೀನಾ ರಾಜರ್ಸ್ ಎಂಬ ದಾದಿಯನ್ನು ಶಾಲೆಗಳಿಗೆ ನೇಮಿಸಿದಂದಿನಿಂದ ಶಾಲಾ ದಾದಿಯ ಪದ್ಧತಿ ಈ ದೇಶದಲ್ಲಿದೆ. ಪ್ರತಿ ಶಾಲೆಗೂ ಪೂರ್ಣಾವಧಿಯ ದಾದಿ ಇರಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿತು. ಆದರೂ ಒಬ್ಬ ದಾದಿ ಎರಡು ಮೂರು ಶಾಲೆಗಳನ್ನು ಸುತ್ತುವ ಸ್ಥಿತಿ ಹಲವೆಡೆ ಇದೆ. ದಾದಿ ಇಲ್ಲದ ದಿನ ಉಬ್ಬಸದ ಮಗುವಿಗೆ ಇನ್‌ಹೇಲರ್ ಕೊಡುವವರು, ಕಡಲೆಕಾಯಿ ತಿಂದು ತುಟಿ ಊದಿಕೊಂಡ ಮಗುವಿನ ತೊಡೆಗೆ ಎಪಿನೆಫ್ರಿನ್ ಚುಚ್ಚುವವರು ಯಾರು? ತರಬೇತಿ ಪಡೆದ ಕಚೇರಿಯ ಸಹಾಯಕಿಯೇ. ಆಕೆ ವೈದ್ಯೆಯಲ್ಲ. ಊಹಿಸುವ ಅಧಿಕಾರ ಆಕೆಗಿಲ್ಲ. ವೈದ್ಯರ ಸಹಿ, ತಂದೆತಾಯಿಯರ ಸಹಿ ಇರುವ ಕಾಗದ, ಔಷಧದಂಗಡಿಯ ಚೀಟಿ ಅಂಟಿಸಿದ ಮೂಲ ಡಬ್ಬಿ, ಅದರ ಮೇಲೆ ಮಗುವಿನ ಹೆಸರು, ಮುಗಿಯದ ಅವಧಿ ಇಷ್ಟಿದ್ದರೆ ಆಕೆ ಓದಿದಂತೆ ನಡೆಯುತ್ತಾಳೆ. ನನ್ನ ವೃತ್ತಿಬಾಂಧವರ ಅಕ್ಷರ ಓದಲಾಗದಿದ್ದರೆ ದೂರವಾಣಿಯಲ್ಲಿ ಕೇಳುತ್ತಾಳೆ. ಆ ಕರೆಗಳಿಗೆ ಬೇಸರಿಸುವ ವೈದ್ಯರಿದ್ದಾರೆ, ಬೇಸರಿಸಕೂಡದು.

ಊಟದ ಡಬ್ಬಿಯಲ್ಲಿ ಕ್ರೋಸಿನ್ ಮಾತ್ರೆಯನ್ನೋ ಪೊಟ್ಟಣದಲ್ಲಿ ಕಟ್ಟಿದ ಕಷಾಯದ ಪುಡಿಯನ್ನೋ ಇಟ್ಟು ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ. ಊರಿನ ಪ್ಯಾರಾಸಿಟಮಾಲ್ ಮತ್ತು ಇಲ್ಲಿನ ಟೈಲೆನಾಲ್ ಒಂದೇ ಔಷಧ. ಮನೆಯಲ್ಲಿ ಒಂದು ಹೆಸರಿನಲ್ಲಿ, ಶಾಲೆಯಲ್ಲಿ ಮತ್ತೊಂದು ಹೆಸರಿನಲ್ಲಿ ಮೇಲಿಂದ ಮೇಲೆ ಕೊಟ್ಟರೆ ಅಪಾಯ ಮಗುವಿನ ಯಕೃತ್ತಿಗೆ. ಬೆಳಿಗ್ಗೆ ಜ್ವರದ ಔಷಧ ಕುಡಿಸಿ ಶಾಲೆಗೆ ಬಿಟ್ಟರೆ, ಅದರ ಪ್ರಭಾವ ಇಳಿಯುವ ಹೊತ್ತಿಗೆ ಮಗು ಕಚೇರಿಯ ಬೆಂಚಿನ ಮೇಲೆ ಮಲಗಿರುತ್ತದೆ. ಆಗ ಆ ಅಧಿಕಾರಿ ತುರ್ತು ಸಂಪರ್ಕದ ಕಾರ್ಡನ್ನು ತೆಗೆಯುತ್ತಾಳೆ. ಅದರಲ್ಲಿ ಬಿಟ್ಟುಹೋದ ಮನೆಯ ವಿಳಾಸ, ಬದಲಾದ ಉದ್ಯೋಗದ ದೂರವಾಣಿ, ಮೂರನೆಯ ಸಾಲಿನಲ್ಲಿ ಎರಡು ವರ್ಷದ ಹಿಂದೆ ಬೇರೆ ರಾಜ್ಯಕ್ಕೆ ಹೋದ ಸ್ನೇಹಿತರ ಹೆಸರು! ಇಂಥ ಕಾರ್ಡುಗಳು ನಮ್ಮಲ್ಲಿ ಒಂದೆರಡಲ್ಲ.

ಅದೇ ಕಾರ್ಡು ಬಾಗಿಲಿಗೂ ಸಂಬಂಧಿಸಿದ್ದು. ಆರು ತಿಂಗಳಿಗೆಂದು ಬಂದ ಅಜ್ಜಿ ಮೊಮ್ಮಗನನ್ನು ಕರೆತರಲು ಹೋದಾಗ ಗುರುತಿನ ಚೀಟಿ ಕೇಳಿದರೆ ಆಕೆಗೆ ಅವಮಾನವೆನಿಸುತ್ತದೆ, ‘ನನ್ನ ಮೊಮ್ಮಗನನ್ನು ನನಗೇ ಕೊಡುವುದಿಲ್ಲವೇ’ ಎಂದು ಕಣ್ಣಲ್ಲಿ ನೀರು ಬರುತ್ತದೆ. ಆದರೆ ಆ ಕೌಂಟರಿಗೆ ನ್ಯಾಯಾಲಯ ಮಗುವನ್ನು ಕೊಡಬಾರದೆಂದು ಆದೇಶಿಸಿದ ತಂದೆಯೂ ಬರುತ್ತಾನೆ, ನಗುತ್ತಲೇ ಬರುತ್ತಾನೆ. ಮುಖ ನೋಡಿ ಸಂಬಂಧ ಅಳೆಯುವುದು ಅಲ್ಲಿ ಆಗದ ಮಾತು. ಅಜ್ಜಿಯ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ ಕಾರ್ಡಿನಲ್ಲಿ ಬರೆಯಿಸಿ, ಮೊದಲ ದಿನ ಜೊತೆಯಲ್ಲಿ ಹೋಗಿ ಪರಿಚಯಿಸಿದರೆ ಸಾಕು.

ಬಾಗಿಲಿನಲ್ಲಿ ಇದಕ್ಕಿಂತ ಘೋರವಾದುದೂ ಬರಬಹುದು. 2013ರ ಆಗಸ್ಟ್ 20ರಂದು ಜಾರ್ಜಿಯಾ ರಾಜ್ಯದ ಡಿಕೇಟರ್ ಬಳಿಯ ಪ್ರಾಥಮಿಕ ಶಾಲೆಯೊಂದಕ್ಕೆ ರೈಫಲ್ ಹಿಡಿದ ತರುಣನೊಬ್ಬ ನುಗ್ಗಿದ. ಮುಂದಿನ ಕಚೇರಿಯಲ್ಲಿದ್ದವರು ಆಂಟನೆಟ್ ಟಫ್, ಶಾಲೆಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಮಹಿಳೆ. ಒಂದು ಕಡೆ ಪೋಲೀಸರೊಡನೆ ದೂರವಾಣಿಯಲ್ಲಿ, ಇನ್ನೊಂದು ಕಡೆ ಆ ತರುಣನೊಡನೆ ಆಕೆ ಮಾತನಾಡುತ್ತಲೇ ಇದ್ದರು. ತಮ್ಮ ದಾಂಪತ್ಯ ಮುರಿದುದನ್ನು, ಬದುಕೇ ಬೇಡವೆನಿಸಿದ ದಿನಗಳನ್ನು ಹೇಳಿಕೊಂಡು, ಆತನಿಗೆ ಧೈರ್ಯ ತುಂಬಿ, ಆಯುಧವನ್ನು ಕೆಳಗಿಡುವಂತೆ ಮಾಡಿದರು. ಯಾರ ಪ್ರಾಣವೂ ಹೋಗಲಿಲ್ಲ. ಆ ದೂರವಾಣಿಯ ಧ್ವನಿಮುದ್ರಣವನ್ನು ಆಮೇಲೆ ಬಹಳ ಮಂದಿ ಕೇಳಿದ್ದಾರೆ.

ಎಚ್-1 ವೀಸಾದವರ ಸಂಗಾತಿಗಳಲ್ಲಿ ಕೆಲವು ವರ್ಗದವರಿಗೆ 2015ರ ಮೇ ತಿಂಗಳಿಂದ ಉದ್ಯೋಗದ ಅನುಮತಿ ದೊರೆಯತೊಡಗಿದ ಮೇಲೆ, ಎಂ.ಎ., ಬಿ.ಎಡ್. ಮಾಡಿದ ನಮ್ಮ ಸೋದರಿಯರು ಈ ಹುದ್ದೆಗಳ ಕಡೆ ನೋಡುವುದುಂಟು. ಸಾಮಾನ್ಯವಾಗಿ ಹೈಸ್ಕೂಲಿನ ವಿದ್ಯಾಭ್ಯಾಸ, ಗಣಕಯಂತ್ರದ ಅಭ್ಯಾಸ, ಬೆರಳಚ್ಚಿನ ತಪಾಸಣೆ ಇವು ಬೇಕು. ಸಂಬಳ ದೊಡ್ಡದಲ್ಲ. ಬೇಸಿಗೆಯಲ್ಲಿ ಸಂಬಳವಿಲ್ಲದ ಹುದ್ದೆಗಳೂ ಇವೆ. ಆದರೆ ಮಕ್ಕಳ ರಜೆಯೇ ತಮ್ಮ ರಜೆ, ಹಲವು ಕಡೆ ಆರೋಗ್ಯ ವಿಮೆ ಸಿಗುತ್ತದೆ. ‘ಓದಿದ್ದಕ್ಕೂ ಮಾಡುವುದಕ್ಕೂ ಸಂಬಂಧವಿಲ್ಲ’ ಎಂದು ಕೂಟದ ಊಟದ ಸಾಲಿನಲ್ಲಿ ಮರುಕ ತೋರುವವರನ್ನು ಕಂಡಿದ್ದೇನೆ. ಈ ಮರುಕ ಅನವಶ್ಯಕ.

ಅದೇ ಊಟದ ಸಾಲಿನಲ್ಲಿ ಆಕೆಗೆ ಎದುರಾಗುವ ನಿಜವಾದ ಕಷ್ಟ ಬೇರೆಯದು. ವಿದ್ಯಾರ್ಥಿಯ ದಾಖಲೆಗಳ ಗೋಪ್ಯತೆಯನ್ನು ಕಾಯುವ ಫರ್ಪಾ ಎಂಬ ಕಾಯಿದೆ 1974ರಿಂದ ಜಾರಿಯಲ್ಲಿದೆ. ಮಗುವಿನ ದಾಖಲೆಯನ್ನು ನೋಡುವ ಹಕ್ಕು ತಂದೆತಾಯಿಯರಿಗಿದೆ, ಕೇಳಿದ 45 ದಿನಗಳೊಳಗೆ ತೋರಿಸಬೇಕು. ಹದಿನೆಂಟು ತುಂಬಿದೊಡನೆ ಆ ಹಕ್ಕು ಮಗುವಿಗೇ ಹೋಗುತ್ತದೆ. ನೆರೆಯವರ ಮಗುವಿನದನ್ನು ನೋಡುವ ಹಕ್ಕು ಮಾತ್ರ ಯಾರಿಗೂ ಯಾವಾಗಲೂ ಇಲ್ಲ. ಯುಗಾದಿಯ ಹೋಳಿಗೆ ಬಡಿಸುತ್ತಾ ‘ಅವರ ಮಗಳು ಗಿಫ್ಟೆಡ್ ತರಗತಿಗೆ ಆಯ್ಕೆಯಾದಳಂತೆ, ಹೌದೇ?’, ‘ಆ ಹುಡುಗ ವಾರಕ್ಕೊಮ್ಮೆ ಕೌನ್ಸೆಲರ್ ಬಳಿ ಹೋಗುತ್ತಾನಂತಲ್ಲ?’ ಎಂದು ಕೇಳಿದರೆ ಆಕೆ ಹೌದೆನ್ನುವಂತಿಲ್ಲ, ಅಲ್ಲವೆನ್ನುವಂತೆಯೂ ಇಲ್ಲ. ಹೇಳಿದರೆ ಕೆಲಸಕ್ಕೆ ಸಂಚಕಾರ, ಹೇಳದಿದ್ದರೆ ಜಂಬದವಳೆಂಬ ಹೆಸರು. ಆಕೆ ಸುಮ್ಮನೆ ನಕ್ಕು ಇನ್ನೊಂದು ಹೋಳಿಗೆ ಬಡಿಸಿದರೆ, ದಯವಿಟ್ಟು ಹೋಳಿಗೆಯನ್ನು ಸ್ವೀಕರಿಸಿ ಬೇರೆ ಮಾತು ತೆಗೆಯಿರಿ.