ಉತ್ತರಾಣಿಯ ಪರ್ಯಾಯನಾಮಗಳು

ಕಲ್ಯಾಣಕಾರಕ, ಖಗೇಂದ್ರಮಣಿದರ್ಪಣಗಳಂತಹ ವೈದ್ಯಗ್ರಂಥಗಳ ಪ್ರತಿಗಳನ್ನು ಪರಿಶೋಧಿಸುವವರಿಗೆ ಪಾಠನಿರ್ಣಯಕ್ಕಿಂತ ಸಸ್ಯನಿರ್ಣಯವೇ ಹಲವೊಮ್ಮೆ ಕಠಿಣ. ಬೇಲಿಬದಿಯ ಉತ್ತರಾಣಿಯನ್ನೇ ನೋಡಬಹುದು. ತೆನೆ ಒರಟಾದ್ದರಿಂದ ಅದು ಖರಮಂಜರಿ; ಅರಳಿದ ಹೂಗಳು ಕೆಳಮುಖವಾಗಿ ಬಾಗುವುದರಿಂದ ಪ್ರತ್ಯಕ್ಪುಷ್ಪಿ. ಅಪಾಮಾರ್ಗವೆಂದರೆ ಒರೆಸಿಹಾಕುವಂಥದು, ಅಥರ್ವವೇದದ 4ನೆಯ ಕಾಂಡದಲ್ಲಿ (ಸೂಕ್ತ 17–19) ಅದು ಶಾಪವನ್ನೂ ಮಾಟವನ್ನೂ ಅಳಿಸುವ ಮೂಲಿಕೆ. ಋಷಿಪಂಚಮಿಯಂದು ಇದರ ಕಡ್ಡಿಯಿಂದ ಹಲ್ಲುಜ್ಜುವ ಲೋಕಾಚಾರವೂ ಈ ಶುದ್ಧಿಭಾವಕ್ಕೆ ದೂರವಾದುದಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ 2ನೆಯ ಅಧ್ಯಾಯಕ್ಕೆ ಇದರ ಬೀಜದಿಂದಲೇ ಅಪಾಮಾರ್ಗತಂಡುಲೀಯವೆಂದು ಹೆಸರು. ಬೀಜವು ಅಲ್ಲಿ ಶಿರೋವಿರೇಚನ ದ್ರವ್ಯ. ಆದರೆ 25ನೆಯ ಅಧ್ಯಾಯವು ಶಿರೋವಿರೇಚನಗಳಲ್ಲಿ ಶ್ರೇಷ್ಠವೆಂದು ಎಣಿಸುವುದು ಪ್ರತ್ಯಕ್ಪುಷ್ಪಿಯನ್ನು. ಗಿಡ ಒಂದೇ. ಪದವನ್ನಷ್ಟೇ ನೋಡುವ ಸೂಚಿಕಾರನು ಎರಡು ಮೂಲಿಕೆಗಳೆಂದು ಬಗೆದರೆ ಔಷಧಯೋಗವೇ ಕೆಡುತ್ತದೆ. ಇದರ ಬೂದಿಯಿಂದ ತೆಗೆದ ಕ್ಷಾರವನ್ನು ಕಳ್ಳಿಹಾಲು, ಅರಿಸಿನಗಳೊಡನೆ ನೂಲಿಗೆ ಲೇಪಿಸಿ ಭಗಂದರಕ್ಕೆ ಕಟ್ಟುವ ಕ್ಷಾರಸೂತ್ರವು ಇಂದಿಗೂ ಬಳಕೆಯಲ್ಲಿದೆ.